ನಿದ್ದೆಯಲ್ಲಿ ಹೊಲಿಯುವ ಕಾಲು

ಧಡ್, ಚಿಟ್. ಧಡ್, ಚಿಟ್. ಪಕ್ಕದ ಶೆಡ್ಡಿನಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಯಂತ್ರ ಶುರುವಾಯಿತೆಂದರೆ ಗುಂಡಿಯಮ್ಮನ ಮನೆಯ ಗೋಡೆ ಸಣ್ಣಗೆ ಕೆಮ್ಮತೊಡಗುತ್ತದೆ. ಧಡ್ ಎಂದಾಗ ರಟ್ಟು ಕತ್ತರಿಸುತ್ತದೆ, ಚಿಟ್ ಎಂದಾಗ ಮಡಿಕೆಯ ಗೆರೆ ಬೀಳುತ್ತದೆ. ನಡುವೆ ಒಂದು ಉಸಿರಿನಷ್ಟು ಬಿಡುವು. ಹಲಗೆಯ ಮೇಲೆ ಸಾಲಾಗಿಟ್ಟ ಗುಂಡಿಗಳ ಡಬ್ಬಿಗಳು ಆ ತಾಳಕ್ಕೆ ಕಿಲಕಿಲ ಎನ್ನುತ್ತವೆ. ಅಳತೆ ಕೊಡಲು ಹೊಸದಾಗಿ ಬಂದವರು ಕಿವಿಗೆ ಕೈ ಹಿಡಿದು, "ಈ ಸದ್ದಿನಲ್ಲಿ ಹೇಗಮ್ಮಾ ಇರ್ತೀರಿ?" ಎಂದು ಕೇಳಿದರೆ, ಗುಂಡಿಯಮ್ಮ ಸೂಜಿಯಿಂದ ತಲೆಯೆತ್ತಿ, "ಯಾವ ಸದ್ದು?" ಎನ್ನುತ್ತಾಳೆ. ತಮಾಷೆಗಲ್ಲ. ಅವಳಿಗೆ ನಿಜಕ್ಕೂ ಅದು ಕೇಳಿಸುವುದಿಲ್ಲ. ನಿಂತರೆ ಮಾತ್ರ ಕೇಳಿಸುತ್ತದೆ.

ಹೆತ್ತವರು ಇಟ್ಟ ಹೆಸರು ಬೇರೆ ಏನೋ ಇತ್ತು. ಆದರೆ ಗಂಡ ಹೊಲಿದ ಅಂಗಿಗಳಿಗೆ ಕಾಜಾ ಹಾಕಿ ಗುಂಡಿ ಹಚ್ಚುವ ಕೆಲಸ ಅವಳ ಪಾಲಿಗೆ ಬಂದ ದಿನದಿಂದ ಬೀದಿಯ ಮಕ್ಕಳ ಬಾಯಲ್ಲಿ ಅವಳು ಗುಂಡಿಯಮ್ಮನಾದಳು. ಮಕ್ಕಳು ದೊಡ್ಡವರಾಗಿ ಅವರ ಮಕ್ಕಳು ಬೀದಿಗಿಳಿದರೂ ಹೆಸರು ಹಾಗೇ ಉಳಿಯಿತು. ಅಂಗಿಯ ಎದೆಗೆ ಒಂದು ಗುಂಡಿ ಹಚ್ಚಿ, ದಾರವನ್ನು ಹಲ್ಲಿನಿಂದ ಕಡಿದು, ಬಟ್ಟೆಯನ್ನು ಒಮ್ಮೆ ಅಂಗೈಯಿಂದ ಸವರುವುದು ಅವಳ ರೂಢಿ. ಹಾಗೆ ಸವರದೆ ಒಂದು ಅಂಗಿಯೂ ಆ ಮನೆಯಿಂದ ಹೊರಗೆ ಹೋದದ್ದಿಲ್ಲ.

ಗಂಡನಿಗೆ ಎಲ್ಲರೂ ಟೈಲರ್ ಎನ್ನುತ್ತಾರೆ. ಬೆನ್ನ ಹಿಂದೆ, ತೂಕಡಿಕೆ ಟೈಲರ್. ಅವನ ನಿದ್ದೆಯ ಕತೆಗಳಿಗೆ ಬಂಧುಬಳಗದಲ್ಲಿ ಲೆಕ್ಕವಿಲ್ಲ. ಮದುವೆಯ ಫೋಟೋದಲ್ಲಿ ಅವನ ಕಣ್ಣು ಮುಚ್ಚಿದೆ. ಮಗ ಹುಟ್ಟಿದಾಗ ಆಸ್ಪತ್ರೆಯ ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿದ್ದ. ನರ್ಸು ಮಗುವನ್ನು ತಂದು ಮಗ್ಗುಲಿಗಿಟ್ಟು ಎಬ್ಬಿಸಬೇಕಾಯಿತು. ಹರೆಯದಲ್ಲಿ ಸಮವಸ್ತ್ರ ಹೊಲಿಯುವ ದೊಡ್ಡ ಕಂಪನಿಗೆ ಸೇರಿದ್ದವನನ್ನು, ನೂರು ಯಂತ್ರಗಳ ಗದ್ದಲದ ನಡುವೆ ಬಟ್ಟೆಯ ರಾಶಿಗೆ ತಲೆಕೊಟ್ಟು ಮಲಗಿದ್ದಕ್ಕೆ ಮನೆಗೆ ಕಳಿಸಿದ್ದರು. ಆಮೇಲೆಯೇ ಮನೆಯ ಮುಂದಿನ ಕೋಣೆಯಲ್ಲಿ ಈ ಹಳೆಯ ಕಾಲ್ತುಳಿ ಯಂತ್ರ ಬಂದು ಕೂತದ್ದು. ಈಗಲೂ ಮಧ್ಯಾಹ್ನ ಉಂಡು ಕೈತೊಳೆದು ಗೋಡೆಗೊರಗಿದನೆಂದರೆ ಆಯಿತು. ಪಕ್ಕದ ಶೆಡ್ಡು ಧಡ್ ಚಿಟ್ ಎನ್ನುವಷ್ಟು ಹೊತ್ತೂ ಕೊರಡಿನಂತೆ ಮಲಗಿರುತ್ತಾನೆ. ಅಲ್ಲಿಯವರು ಊಟಕ್ಕೆಂದು ಯಂತ್ರ ನಿಲ್ಲಿಸಿದ ಕೂಡಲೇ ಯಾರೋ ಕರೆದಂತೆ ಎದ್ದು ಕೂರುತ್ತಾನೆ.

ನಗುವವರ ಜೊತೆ ಅವನೂ ನಗುತ್ತಾನೆ. ಆದರೆ ಆ ನಗು ತುಟಿಯವರೆಗೆ ಬಂದು ನಿಲ್ಲುವುದನ್ನು ಗುಂಡಿಯಮ್ಮ ನೋಡಿದ್ದಾಳೆ.

ಅವನ ನಿದ್ದೆಯ ಬಗ್ಗೆ ಲೋಕಕ್ಕೆ ಗೊತ್ತಿಲ್ಲದ ಒಂದು ಸಂಗತಿ ಅವಳಿಗೆ ಗೊತ್ತಿತ್ತು. ಅವನಿಗೂ ಗೊತ್ತಿರಲಿಲ್ಲ. ಕಾಲು ಚಾಚಿ ಮಲಗಿದನೆಂದರೆ, ನಿದ್ದೆ ಹತ್ತಿದ ಸ್ವಲ್ಪ ಹೊತ್ತಿಗೆ ಟೈಲರನ ಬಲಗಾಲು ಹೊಲಿಯತೊಡಗುತ್ತದೆ. ಹಿಮ್ಮಡಿ ಊರಿ, ಮುಂಗಾಲು ಏಳುತ್ತದೆ, ಇಳಿಯುತ್ತದೆ. ನೇರ ಹೊಲಿಗೆಯ ಕಡೆ ಸರಸರ, ತಿರುವಿನ ಕಡೆ ನಿಧಾನ. ಮದುವೆಯಾದ ಹೊಸದರಲ್ಲಿ ಅವಳು ಹೆದರಿದ್ದಳು. ಆಮೇಲೆ ಒಂದು ದಿನ, ಮಾತಿಲ್ಲದೆ, ತನ್ನ ಕಾಲನ್ನು ಅವನ ಮೊಣಕಾಲ ಕೆಳಗೆ ಹಗುರಾಗಿ ಹಾಕಿದಳು. ಕಾಲು ನಿಂತಿತು. ಅಂದಿನಿಂದ ಅದೇ ರೂಢಿ. ಇದನ್ನು ಅವನಿಗೆ ಹೇಳಿರಲಿಲ್ಲ, ತವರಿನಲ್ಲಿ ಹೇಳಿರಲಿಲ್ಲ. ಹೇಳುವಂಥದ್ದೇ ಅಲ್ಲ ಅದು. ಒಮ್ಮೆ ಅವನು ತಂಗಿಯ ಮನೆಗೆ ಹೋಗಿ ಉಳಿದಾಗ ಇವಳಿಗೆ ಕಣ್ಣಿಗೆ ಕಣ್ಣು ಹತ್ತಲಿಲ್ಲ. ಬೆಳಿಗ್ಗೆ ಮಗ ಕೇಳಿದ್ದಕ್ಕೆ, "ಏನು ಸೆಕೆ ಅಂತೀನಿ!" ಎಂದಿದ್ದಳು.

ಮಗ ಈಗ ದೂರದೂರಿಗೆ ಹೋಗುವ ಬಸ್ಸು ಓಡಿಸುತ್ತಾನೆ. "ಅಪ್ಪನ ನಿದ್ದೆ ನನಗೆ ಬರದೇ ಇದ್ದದ್ದು ಪ್ರಯಾಣಿಕರ ಪುಣ್ಯ" ಎಂಬುದು ಅವನ ಮಾಮೂಲಿ ಮಾತು. ಸೊಸೆ ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಯಂತ್ರ ನಡೆಸುತ್ತಾಳೆ. ಮಿತಭಾಷಿ ಹುಡುಗಿ. ಅತ್ತೆ ಸೊಸೆ ಕಿತ್ತಾಡಿದ್ದನ್ನು ಬೀದಿಯವರು ಕಂಡದ್ದಿಲ್ಲ. ಇಬ್ಬರೂ ಕೂತು ಹರಟಿದ್ದನ್ನೂ ಕಂಡದ್ದಿಲ್ಲ. ಒಬ್ಬರಿಗೊಬ್ಬರು ಲೋಟ ದಾಟಿಸುವಾಗ ಬೇಕಾದಷ್ಟು ಮಾತು, ಅಷ್ಟೆ.

ಆ ಸೊಸೆ ಒಂದು ಭಾನುವಾರ ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದಳು. ಬಾಯಿಗೆ ಹೋಗುತ್ತಿರಲಿಲ್ಲ.

"ಏನಮ್ಮಾ, ಅನ್ನಕ್ಕೆ ಅಳತೆ ತಗೋತಾ ಇದ್ದೀಯಾ?" ಎಂದ ಟೈಲರ್.

ಸೊಸೆ ನಕ್ಕಳು. ಆಮೇಲೆ ಹೇಳತೊಡಗಿದಳು. ಅವಳು ಇಷ್ಟು ಮಾತಾಡಿದ್ದನ್ನು ಗುಂಡಿಯಮ್ಮ ಕೇಳಿದ್ದು ಅದೇ ಮೊದಲು.

"ನಮ್ಮ ಮಿದುಳಿನ ಸುತ್ತ ಒಂದು ದ್ರವ ಇದೆ ಮಾವ, ತಿಳಿನೀರಿನ ಹಾಗೆ. ಎಚ್ಚರ ಇದ್ದಾಗ ಅದು ಹರಿಯೋ ರೀತಿ ಒಂದು, ನಿದ್ದೆಯಲ್ಲಿ ಇನ್ನೊಂದು. ನಿದ್ದೆ ಬಂದಾಗ ರಕ್ತನಾಳಗಳ ಅಂಚು ಹಿಡಿದು ಒಳಗೆ ಇಳಿದು, ದಿನವೆಲ್ಲ ಸೇರಿದ ಕಸ ಹೊರಗೆ ಸಾಗಿಸುತ್ತೆ ಅಂತಾರೆ."

"ಅಂತಾರೆ ಅಂದ್ರೆ? ಯಾರೂ ನೋಡಿಲ್ವಾ?"

"ಇಲಿಗಳಲ್ಲಿ ನೋಡಿದಾರೆ. ಬದುಕಿರೋ ಮನುಷ್ಯರಲ್ಲಿ, ಸೂಜಿ ಚುಚ್ಚದೆ, ಔಷಧಿ ಕೊಡದೆ ಚಿತ್ರ ತೆಗೆದು ನೋಡೋ ಕೆಲಸ ಈಗೀಗ ನಡೀತಿದೆ. ನಮ್ಮ ಡಾಕ್ಟರಮ್ಮನದೂ ಅದೇ ಅಧ್ಯಯನ. ಚಿತ್ರ ತೆಗೆಯೋ ಕ್ರಮ ಎಲ್ಲ ನಾನೇ ಕೂತು ಹೊಂದಿಸಿದ್ದು." ಇಷ್ಟು ಹೇಳಿ ಅವಳು ಅನ್ನದ ಕಡೆ ನೋಡಿದಳು. "ಆದರೆ ಒಳಗೆ ಮಲಗಿದವರಿಗೆ ನಿದ್ದೆ ಬರಬೇಕಲ್ಲ. ಆ ಯಂತ್ರದ ಸದ್ದು ನೀವು ಕೇಳಿಲ್ಲ. ಪಕ್ಕದ ಶೆಡ್ಡನ್ನ ತಂದು ಕಿವಿ ಪಕ್ಕ ಇಟ್ಟ ಹಾಗೆ. ಹರೆಯದವರು ಹೇಗೋ ಮಲಗಿದರು. ವಯಸ್ಸಾದವರು ಕಣ್ಣು ಮುಚ್ಚಿಕೊಂಡು ನಮಗೋಸ್ಕರ ನಟನೆ ಮಾಡ್ತಾರೆ, ಪಾಪ. ನಿದ್ದೆ ಅಳೆಯೋಕೆ ತಲೆಗೆ ಹಾಕಿರೋ ತಂತಿಟೋಪಿ ಸುಳ್ಳು ಹಿಡಿದುಬಿಡುತ್ತೆ. ಹಿರಿಯರ ಗುಂಪಿಗೆ ಇನ್ನೊಬ್ಬರು ಬೇಕು. ಶುಕ್ರವಾರ ಮಧ್ಯಾಹ್ನ ಮಾತ್ರ ಯಂತ್ರ ನಮ್ಮದು. ಈ ವಾರ, ಬರೋ ವಾರ, ಅಷ್ಟೇ. ಆಮೇಲೆ ಅಧ್ಯಯನ ಮುಚ್ಚಿಬಿಡ್ತಾರೆ. ನಾನು ಮತ್ತೆ ಮಂಡಿ, ಬೆನ್ನು, ಭುಜ ತೆಗೀತಾ ಕೂರಬೇಕು."

ಮಗ ಮೊದಲು ಅಪ್ಪನ ಕಡೆ ನೋಡಿದ. ಆಮೇಲೆ ಗುಂಡಿಯಮ್ಮ ನೋಡಿದಳು. ಕೊನೆಗೆ ಸೊಸೆಯೂ.

"ಏನ್ರಪ್ಪಾ?" ಎಂದ ಟೈಲರ್. "ನನ್ನ ಮುಖಕ್ಕೆ ಅನ್ನ ಮೆತ್ತಿದೆಯಾ?"

"ಮಾವ," ಎಂದಳು ಸೊಸೆ ಮೆಲ್ಲಗೆ. "ನೀವು ಬಂದು ಮಲಗ್ತೀರಾ?"

ಟೈಲರ್ ನೀರು ಕುಡಿದ. ಲೋಟ ಕೆಳಗಿಟ್ಟ. ಜೀವಮಾನದಲ್ಲಿ ಮೊದಲ ಸಲ ಒಬ್ಬರು ಅವನನ್ನು ನಿದ್ದೆ ಮಾಡು ಎಂದು ಕೇಳುತ್ತಿದ್ದರು. "ಬರ್ತೀನಮ್ಮ," ಎಂದ. "ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಬರ್ತೀನಿ."

ಶುಕ್ರವಾರ ಗುಂಡಿಯಮ್ಮನೂ ಜೊತೆಗೆ ಹೋದಳು. ಸ್ಕ್ಯಾನಿಂಗ್ ಕೋಣೆಯ ಬಾಗಿಲಿಗೆ ಮುಂಚೆ ಒಂದು ಹಳದಿ ಗೆರೆ. ಒಳಗಿನ ಯಂತ್ರ ದೊಡ್ಡ ಅಯಸ್ಕಾಂತವಂತೆ; ಗೆರೆ ದಾಟಿ ಒಂದು ಚೂರು ಕಬ್ಬಿಣ ಹೋಗುವಂತಿಲ್ಲ. ಸೊಸೆ ಕೈಯಲ್ಲೊಂದು ಪಟ್ಟಿಯಂಥ ಸಾಧನ ಹಿಡಿದು ಮಾವನ ಮೈಮೇಲೆ ಆಡಿಸಿದಳು. ಕತ್ತಿನ ಹತ್ತಿರ ಕೀ ಎಂದಿತು.

ಟೈಲರ್ ಕಾಲರಿನ ಒಳಗಿಂದ ಒಂದು ಗುಂಡುಸೂಜಿ ತೆಗೆದ. ಮತ್ತೆ ಕೀ. ಇನ್ನೊಂದು ತೆಗೆದ. ತೋಳಿನ ಮಡಿಕೆಯಲ್ಲಿ ಕೀ. ಅಲ್ಲೆರಡು.

"ಇನ್ನೂ ಇದೆಯಾ ಮಾವ?"

"ಇಲ್ಲಮ್ಮ. ಅಷ್ಟೇ." ಸೊಂಟದ ಹತ್ತಿರ ಕೀ. "ಓ, ಇದು ಮೊನ್ನೇದು."

"ಇವರನ್ನ ಹಾಗೇ ಒಳಗೆ ಬಿಟ್ಟಿದ್ರೆ ಯಂತ್ರಕ್ಕೇ ಅಂಟ್ಕೊಂಡುಬಿಡ್ತಿದ್ರು," ಎಂದಳು ಗುಂಡಿಯಮ್ಮ. ದೊಡ್ಡ ಡಾಕ್ಟರಮ್ಮ, ಬೆಳ್ಳಿಗೂದಲಿನ ಗಂಭೀರ ಹೆಂಗಸು, ಬಾಯಿಗೆ ಕೈ ಅಡ್ಡ ಹಿಡಿದರು.

ಕೊನೆಗೆ ಅಂಗಿಯನ್ನೇ ಬಿಚ್ಚಿಸಿ ಆಸ್ಪತ್ರೆಯ ನಿಲುವಂಗಿ ಕೊಟ್ಟು, ಬಟ್ಟೆ ಬದಲಿಸುವ ಕೋಣೆಗೆ ಕಳಿಸಿದರು. ಹೊರಬಂದವನನ್ನು ಗೆರೆಯ ಹತ್ತಿರ ಮತ್ತೊಮ್ಮೆ ನೋಡಿದರೆ ಬೆನ್ನಿನ ಬಳಿ ಕೀ! ನಿಲುವಂಗಿಯ ಒಂದು ಕಟ್ಟು ಕಿತ್ತುಹೋಗಿತ್ತಂತೆ. ಬಿಚ್ಚಿಟ್ಟ ಅಂಗಿಯಿಂದ ಉಳಿದ ಒಂದೇ ಒಂದು ಗುಂಡುಸೂಜಿ ಹುಡುಕಿ ತೆಗೆದು, ಅಚ್ಚುಕಟ್ಟಾಗಿ ಮಡಿಕೆ ಹಾಕಿ ಚುಚ್ಚಿಕೊಂಡು ಬಂದಿದ್ದ. "ಕಿತ್ತುಹೋದ ಬಟ್ಟೇಲಿ ನಾಲ್ಕು ಜನರ ಮುಂದೆ ಬರೋಕಾಗುತ್ತಾ?" ಎಂದು ಅವನೇ ಗದರಿದ.

ಒಳಗೆ ಹೋಗಿ ಮಲಗಿದ. ತಲೆಗೆ ತಂತಿಟೋಪಿ, ಕಿವಿಗೆ ಮುಚ್ಚಳ, ಮಂಡಿಯ ಕೆಳಗೆ ದಿಂಬು. ಕೋಣೆ ತಂಪೆಂದು ಸೊಸೆ ಎದೆಯಿಂದ ಪಾದದವರೆಗೆ ದಪ್ಪ ಕಂಬಳಿ ಹೊದಿಸಿದಳು. ಯಂತ್ರ ಹೊಡೆದುಕೊಳ್ಳತೊಡಗಿತು. ಗಾಜಿನ ಈಚೆ ಕೂತಿದ್ದ ಡಾಕ್ಟರಮ್ಮ ಪರದೆಯ ಮೇಲಿನ ಗೆರೆಗಳನ್ನು ನೋಡಿ, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಮಲಗೇಬಿಟ್ರು! ಇಷ್ಟು ಬೇಗ!"

ಗುಂಡಿಯಮ್ಮನಿಗೆ ತನ್ನ ಮಗ ಶಾಲೆಯಲ್ಲಿ ಬಹುಮಾನ ತಂದಷ್ಟು ಹಿಗ್ಗಾಯಿತು.

ಹಿಗ್ಗು ಬಹಳ ಹೊತ್ತು ಉಳಿಯಲಿಲ್ಲ. ಚಿತ್ರಗಳು ಒಂದೊಂದಾಗಿ ಪರದೆಗೆ ಬಂದಂತೆ ಸೊಸೆಯ ಹೆಗಲು ಇಳಿಯುತ್ತ ಹೋಯಿತು. ಅಂಚುಗಳೆಲ್ಲ ಕದಡಿ ಎರಡೆರಡಾಗಿದ್ದವು. "ತಲೆ ಅಲುಗ್ತಾ ಇದೆ," ಎಂದಳು. "ಕೂದಲೆಳೆಯಷ್ಟೇ. ಆದರೆ ನಿಲ್ತಾ ಇಲ್ಲ. ಗೊರಕೆ ಅಲ್ಲ, ಉಸಿರಾಟ ಅಲ್ಲ. ಏನಿದು?" ತಲೆಯ ಎರಡೂ ಬದಿ ಮೆತ್ತೆ ತುರುಕಿ ಇನ್ನೊಮ್ಮೆ ತೆಗೆದರು. ಅದೇ ಕತೆ.

ಗುಂಡಿಯಮ್ಮ ಕಂಬಳಿಯ ತುದಿಯನ್ನೇ ನೋಡುತ್ತಿದ್ದಳು. ಬೇರೆಯವರ ಕಣ್ಣಿಗೆ ಅಲ್ಲಿ ಏನೂ ಇರಲಿಲ್ಲ. ಅವಳಿಗೆ ಮಾತ್ರ ಗೊತ್ತಾಯಿತು, ಒಳಗೆ ಸಾಗುತ್ತಿರುವುದು ಉದ್ದನೆಯ ನೇರ ಹೊಲಿಗೆ ಎಂದು. ಕಾಲು ಮೇಲೆ ಕೆಳಗೆ. ಆ ಅಲುಗಾಟ ಮಂಡಿ, ಸೊಂಟ, ಬೆನ್ನು ಏರಿ ತಲೆಗೆ. ಯಂತ್ರ ಬೇರೆ ತಾಳ ಹಾಕಿಕೊಡುತ್ತಿತ್ತು. ಬಾಯಿ ತೆರೆದಳು. ಡಾಕ್ಟರಮ್ಮ ಈ ಕಡೆ ತಿರುಗಿದರು. ಏನೆಂದು ಹೇಳುವುದು? ಕಾಲು ಆಡುತ್ತದೆ ಎಂದರೆ, ನಿಮಗೆ ಹೇಗೆ ಗೊತ್ತು ಎಂದಾರು. ಆಮೇಲೆ? ಗುಂಡಿಯಮ್ಮನ ಕಿವಿ ಬಿಸಿಯಾಯಿತು. ಬಾಯಿ ಮುಚ್ಚಿದಳು.

ವಾಪಸು ಬರುವ ಬಸ್ಸಿನಲ್ಲಿ ಟೈಲರ್ ಕಿಟಕಿಯಾಚೆ ನೋಡುತ್ತ ಕೂತಿದ್ದ. "ನಿದ್ದೇನೂ ಸರಿಯಾಗಿ ಮಾಡೋಕೆ ಬರಲಿಲ್ಲ ನೋಡೇ ನನಗೆ," ಎಂದ. ಅವಳಿಗೆ ಸಂಕಟವಾಯಿತು. ಆದರೂ ಹೇಳಲಿಲ್ಲ. ಇಷ್ಟು ವರ್ಷ ಹೇಳದ್ದನ್ನು ಬಸ್ಸಿನಲ್ಲಿ ಹೇಳುವುದೇ?

ಮನೆಯಲ್ಲಿ ಆ ವಾರ ಎಲ್ಲರೂ ಮೆಲ್ಲಗೆ ನಡೆದಾಡಿದರು. ಸೊಸೆ ಯಾರನ್ನೂ ದೂರಲಿಲ್ಲ. "ನಿಮ್ಮ ತಪ್ಪೇನಿಲ್ಲ ಮಾವ, ಈ ಶುಕ್ರವಾರ ಇನ್ನೊಮ್ಮೆ ನೋಡೋಣ," ಎಂದಳು. ಆದರೆ ಕೆಲಸದಿಂದ ಬಂದವಳು ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆಯುತ್ತ ನಿಲ್ಲುತ್ತಿದ್ದಳು. ಗುಂಡಿಯಮ್ಮ ನಾಲ್ಕು ಕಾಜಾ ತಪ್ಪು ಜಾಗದಲ್ಲಿ ಕತ್ತರಿಸಿದಳು. ಕಾಜಾ ಎಂದರೆ ಬಟ್ಟೆಯಲ್ಲಿ ಗುಂಡಿಗೆಂದು ಮಾಡುವ ಕಿಂಡಿ; ಒಮ್ಮೆ ಕತ್ತರಿಸಿದರೆ ಮುಗಿಯಿತು, ಮತ್ತೆ ಕೂಡುವುದಿಲ್ಲ. ಮಾತೂ ಹಾಗೆಯೇ ಎನ್ನಿಸಿ ಅವಳಿಗೆ ಇನ್ನಷ್ಟು ಹಿಂಜರಿಕೆಯಾಯಿತು.

ಬುಧವಾರ ಸಂಜೆ, ಟೈಲರ್ ದಾರ ತರಲು ಹೋಗಿದ್ದಾಗ, ಸೊಸೆ ಅತ್ತೆಯ ಪಕ್ಕ ಬಂದು ಕೂತಳು. ತನ್ನ ಕೋಟಿನ ಕಿತ್ತ ಗುಂಡಿಯನ್ನು ಚಾಚಿದಳು. ಗುಂಡಿಯಮ್ಮ ಸೂಜಿಗೆ ದಾರ ಪೋಣಿಸಿದಳು. ತಲೆಯೆತ್ತದೆ, ಗುಂಡಿಗೇ ಹೇಳುವಂತೆ ಹೇಳಿದಳು:

"ನಿಮ್ಮ ಮಾವನ ಕಾಲು ನಿದ್ದೇಲಿ ಹೊಲೀತಾ ಇರುತ್ತೆ."

"ಏನಂದ್ರಿ ಅತ್ತೆ?"

"ಬಲಗಾಲು. ಪೆಡಲ್ ತುಳಿಯೋ ಹಾಗೆ. ನೀನು ಕಂಬಳಿ ಹೊದಿಸಿದ್ದೆ, ಕಾಣಲಿಲ್ಲ."

ಸೊಸೆ ಕೂತಲ್ಲೇ ನೆಟ್ಟಗಾದಳು. "ಎಷ್ಟು ದಿನದಿಂದ?"

"ನಿನ್ನ ಗಂಡ ಹುಟ್ಟೋಕೆ ಮುಂಚಿಂದ."

"ಹಾಗಾದ್ರೆ ಕಾಲಿಗೆ ಪಟ್ಟಿ ಕಟ್ಟಿಬಿಡೋಣ, ಅಷ್ಟೇ ತಾನೆ!"

"ಕಟ್ಟಿದ್ರೆ ಎದ್ದುಬಿಡ್ತಾರೆ. ಭಾರ ಇಟ್ಟರೆ ಪಕ್ಕಕ್ಕೆ ಜಾರಿಸಿ ಅಲ್ಲಿ ಶುರು ಮಾಡ್ತಾರೆ. ನಾನು ಎಲ್ಲ ನೋಡಿದೀನಿ."

"ಮತ್ತೆ ನೀವು ಏನು ಮಾಡ್ತೀರಿ?"

ದಾರ ಗಂಟಾಯಿತು. ಗುಂಡಿಯಮ್ಮ ಬಿಡಿಸಿದಳು. ಮತ್ತೆ ಗಂಟಾಯಿತು.

"ಏನು ಮಾಡ್ತಾರೆ," ಎಂದಳು ಕೊನೆಗೆ. "ಕಾಲು ಹಾಕ್ತೀನಿ."

ಸೊಸೆಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಅವಳ ಮುಖವೂ ಕೆಂಪಾಯಿತು. ಇಬ್ಬರೂ ಗುಂಡಿಯನ್ನೇ ನೋಡಿದರು. ಮೊದಲು ಯಾರ ಬಾಯಿಂದ ನಗು ಜಾರಿತೋ ಗೊತ್ತಿಲ್ಲ. ಹಲಗೆಯ ಮೇಲಿನ ಡಬ್ಬಿಗಳಿಗಿಂತ ಜೋರಾಗಿ, ಕಣ್ಣಲ್ಲಿ ನೀರು ಬರುವವರೆಗೆ ಅತ್ತೆ ಸೊಸೆ ನಕ್ಕರು. ದಾರದುಂಡೆ ಹಿಡಿದು ಒಳಬಂದ ಟೈಲರ್ ಬಾಗಿಲಲ್ಲೇ ನಿಂತ. "ಏನಾಯ್ತು? ನನ್ನ ವಿಷಯವಾ?"

"ನಿಮ್ಮ ಕಾಲಿನ ವಿಷಯ ಮಾವ."

ಎಲ್ಲ ಕೇಳಿದ ಮೇಲೆ ಅವನು ತನ್ನ ಬಲಗಾಲನ್ನು ಮುಂದೆ ಚಾಚಿ, ಯಾರದೋ ಅಪರಿಚಿತರದನ್ನು ನೋಡುವಂತೆ ಬಹಳ ಹೊತ್ತು ನೋಡಿದ. ಆಮೇಲೆ ಎದೆಯುಬ್ಬಿಸಿದ. "ಅಂದ್ರೆ ನಾನು ನಿದ್ದೇಲೂ ಕೆಲಸ ಮಾಡ್ತಿದ್ದೆ ಅಂತಾಯ್ತು! ಮನೆಗೆ ಕಳಿಸಿದ ಕಂಪನಿಯವರಿಗೆ ಯಾರಾದ್ರೂ ಹೇಳ್ರಪ್ಪ!" ಈ ಸಲ ಅವನ ನಗು ಕಣ್ಣಿನವರೆಗೂ ಹೋಯಿತು.

ಶುಕ್ರವಾರ ಗೆರೆಯ ಹತ್ತಿರ ಗುಂಡಿಯಮ್ಮ ಕಿವಿಯೋಲೆ ಬಿಚ್ಚಿದಳು, ತಲೆಯ ಪಿನ್ನು ತೆಗೆದಳು. ಬೆರಳಿನ ಉಂಗುರ ಮಾತ್ರ ಬರಲಿಲ್ಲ. ವರ್ಷಗಳಿಂದ ಕೂತು ಬೆರಳೇ ಆಗಿಹೋಗಿತ್ತು. ಸೊಸೆ ಅವಳ ಕೈಯನ್ನು ನಲ್ಲಿಯ ಕೆಳಗೆ ಹಿಡಿದು, ಸಾಬೂನು ಸವರಿ, ಮೆಲ್ಲಮೆಲ್ಲಗೆ ತಿರುಗಿಸಿ ಬಿಡಿಸಿದಳು. ಉಂಗುರವಿದ್ದ ಜಾಗ ಎಳೆಮಗುವಿನ ಚರ್ಮದಂತೆ ಬಿಳಿಯಾಗಿತ್ತು. ಟೈಲರನೂ ಗುಂಡುಸೂಜಿಯಿಲ್ಲದ ಬನಿಯನ್ನಿನಲ್ಲಿ ಬಂದಿದ್ದ, "ನೋಡ್ಕೊಳ್ಳಿ, ನೋಡ್ಕೊಳ್ಳಿ" ಎಂದು ಕೈ ಮೇಲೆತ್ತಿ.

ಯಂತ್ರದ ಬಾಯಿಯ ಹತ್ತಿರ ಒಂದು ಮರದ ಕುರ್ಚಿ. ಕಂಬಳಿಯ ಅಂಚಿನಿಂದ ಕೈ ಒಳಗಿಟ್ಟು ಗುಂಡಿಯಮ್ಮ ಕೂತಳು. ಕಿವಿಯ ಮುಚ್ಚಳದಾಚೆ ಸದ್ದು ಶುರುವಾಯಿತು. ಮೊದಲು ಬಡಿಗೆಯ ಏಟಿನಂತೆ, ಆಮೇಲೆ ಸಾವಿರ ಸೂಜಿ ಒಟ್ಟಿಗೆ ಇಳಿದಂತೆ. ತುಸು ಹೊತ್ತಿಗೆ ಅಂಗೈ ಕೆಳಗೆ ಆ ಪರಿಚಿತ ಮಿಡುಕು. ಕಾಲು ದಾರ ಪೋಣಿಸಿಕೊಂಡು ಹೊರಟಿತ್ತು. ಅವಳು ಒತ್ತಲಿಲ್ಲ. ಸೂಜಿಯಡಿಗೆ ಸಾಗುವ ಬಟ್ಟೆಯನ್ನು ಹಿಡಿಯುವುದು ಹೇಗೋ ಹಾಗೆ, ಎಳೆಯದೆ, ತಡೆಯದೆ, ಸುಮ್ಮನೆ ಕೈ ಇಟ್ಟಳು. ಮಿಡುಕು ನಿಧಾನವಾಯಿತು. ನಿಂತಿತು.

ಹಗಲ ಬೆಳಕಿನಲ್ಲಿ, ಗಾಜಿನ ಆಚೆ ಇಬ್ಬರು ನೋಡುತ್ತಿರುವಾಗ, ಗಂಡನ ಕಾಲ ಮೇಲೆ ಕೈಯಿಟ್ಟು ಕೂತಿರುವುದು. ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಆ ಕೊಳವೆಯೊಳಗೆ, ಅವನ ಬೋಳುತಲೆಯ ಒಳಗೆ, ಸೊಸೆ ಹೇಳಿದ ತಿಳಿನೀರು ಈಗ ಅಂಚು ಹಿಡಿದು ಇಳಿಯುತ್ತಿರಬಹುದು ಎಂದುಕೊಂಡಳು. ಇಷ್ಟು ವರ್ಷ ತಾನು ಕಾಲು ಹಾಕಿ ಮಲಗಿದ್ದಾಗಲೆಲ್ಲ ಅದು ಹೀಗೆಯೇ ಸದ್ದಿಲ್ಲದೆ ಬಂದು ಹೋಗುತ್ತಿತ್ತು. ನೋಡಿದವರಿರಲಿಲ್ಲ. ಸದ್ದು ದೂರ ದೂರ ಹೋಯಿತು. ಪಕ್ಕದ ಶೆಡ್ಡಿನ ಸದ್ದಿನಂತೆ, ಕೇಳಿಸದ ಹಾಗಾಯಿತು.

ಯಂತ್ರ ನಿಂತಿತು.

"ಊಟಕ್ಕೆ ಬಿಟ್ಟರಾ?" ಎಂದು ಒಳಗಿಂದ ಟೈಲರನ ದನಿ.

ಗುಂಡಿಯಮ್ಮ ಬೆಚ್ಚಿ ಕಣ್ಣು ಬಿಟ್ಟಳು. ಕುತ್ತಿಗೆ ಒಂದು ಕಡೆ ವಾಲಿತ್ತು. ಕೈ ಮಾತ್ರ ಇಟ್ಟಲ್ಲೇ ಇತ್ತು.

ಹೊರಗೆ ಸೊಸೆ ಪರದೆಯ ಮುಂದೆ ಕೂತು ಎರಡೂ ಕೈ ಕೆನ್ನೆಗಿಟ್ಟುಕೊಂಡಿದ್ದಳು. ಅಂಚುಗಳೆಲ್ಲ ಬ್ಲೇಡಿನಿಂದ ಕತ್ತರಿಸಿದಂತೆ ಚೊಕ್ಕವಾಗಿದ್ದವು. ಅವಳು ಒಂದು ಗುಂಡಿ ಒತ್ತಿದಳು. ಬೂದು ಮಿದುಳಿನ ಸುತ್ತ, ಮಡಿಕೆ ಮಡಿಕೆಯಲ್ಲಿ, ತಿಳಿನೀಲಿ ಬಣ್ಣವೊಂದು ನಿಧಾನವಾಗಿ ಉಬ್ಬಿತು, ಇಳಿಯಿತು, ಮತ್ತೆ ಉಬ್ಬಿತು. "ಬಣ್ಣ ನಾವು ಹಾಕಿದ್ದು," ಎಂದಳು. "ಚಲನೆ ಮಾತ್ರ ಮಾವನದೇ. ನಿದ್ದೆಯದು."

ಟೈಲರ್ ಬಾಗಿ ನೋಡಿದ. "ಹಾಗಾದ್ರೆ ನನ್ನ ತಲೆ ಚೆನ್ನಾಗಿದೆಯಾ?"

"ಒಬ್ಬರ ಚಿತ್ರ ನೋಡಿ ಅಷ್ಟೆಲ್ಲ ಹೇಳೋಕಾಗಲ್ಲ," ಎಂದರು ಡಾಕ್ಟರಮ್ಮ. "ತುಂಬ ಜನರದು ಸೇರಿಸಿ ನೋಡಿದ ಮೇಲೇ ಏನಾದರೂ ಗೊತ್ತಾಗೋದು. ಆದರೆ ನಿಮ್ಮ ನಿದ್ದೆಯಿಂದ ಗುಂಪು ತುಂಬಿತು. ಇನ್ನು ನಿಮ್ಮ ಸೊಸೆಯ ಕೆಲಸ ನಿಲ್ಲಲ್ಲ, ಮುಂದಿನ ಹಂತ ಕೇಳೋಕೆ ನನಗೆ ಬಾಯಿ ಬಂತು."

ಸೊಸೆ ಎದ್ದು, ಅತ್ತೆಯ ಬೆರಳಿಗೆ ಉಂಗುರ ಮರಳಿ ಹಾಕಿದಳು. ಹಾಕಿದ ಮೇಲೂ ಆ ಕೈಯನ್ನು ಸ್ವಲ್ಪ ಹೊತ್ತು ಬಿಡಲಿಲ್ಲ.

ಟೈಲರ್ ಆಗಲೇ ಅಂಗಿ ತೊಟ್ಟು ಹೊರಗಿನ ಕಾರಿಡಾರಿಗೆ ನಡೆದಿದ್ದ. "ಬಾರೇ, ಬಸ್ಸು ಹೋಗಿಬಿಡುತ್ತೆ," ಎಂದು ಅಲ್ಲಿಂದಲೇ ಕೂಗಿದ.

"ಒಂದು ನಿಮಿಷ," ಎಂದರು ಡಾಕ್ಟರಮ್ಮ, ಗುಂಡಿಯಮ್ಮನ ಕಡೆ ತಿರುಗಿ. "ಆ ಸದ್ದಿನಲ್ಲಿ ಕೂತಲ್ಲೇ ನಿದ್ದೆ ಮಾಡಿದವರನ್ನ ನಾನು ಇವತ್ತೇ ನೋಡಿದ್ದು. ಮುಂದಿನ ಹಂತಕ್ಕೆ ನೀವೇ ಬಂದು ಒಳಗೆ ಮಲಗಿ. ಆಗಬಹುದಾ?"

"ಅಯ್ಯೋ, ನನಗೆಲ್ಲಿಯ ನಿದ್ದೆ ಡಾಕ್ಟ್ರೇ," ಎಂದಳು ಗುಂಡಿಯಮ್ಮ, ಸೆರಗು ಸರಿಪಡಿಸಿಕೊಂಡು ಗಂಡನ ಹಿಂದೆ ಹೆಜ್ಜೆ ಹಾಕುತ್ತ. "ಇವರ ಕಾಲು ಒಂದಿಷ್ಟು ಹೊತ್ತು ಆಡಿ, ಆಮೇಲೆ ನನ್ನ ಕಾಲ ಕೆಳಗೆ ನಿಂತರೇನೇ ನನಗೂ ಕಣ್ಣು ಹತ್ತೋದು. ಇವರಿಗೆ ಹೇಳಬೇಡಿ, ಇಷ್ಟು ವರ್ಷ ನಾನು ಕಾಲು ಹಾಕಿದ್ದು ಇವರಿಗೋಸ್ಕರ ಅಂತ ತಿಳ್ಕೊಂಡಿದಾರೆ, ನಿಜ ಹೇಳಬೇಕು ಅಂದ್ರೆ ಅದು ನನಗೋಸ್ಕರ."